ಕೋರಾ ಬಟ್ಟೆಯಲ್ಲಿ ಮೊದಲ ಕಾದಂಬರಿ

ಸದ್ಯದ ಸ್ಥಿತಿ ಹೀಗಿದೆ: ಮೊದಲ ಕರಡು ಮುಗಿದಿದೆ. ಎರಡನೆಯದು ಓದುಗರ ಕೈಗೆ ಹೋಗಿ ಬಂದಿದೆ. ಮೂರನೆಯದರ ಮೇಲೆ ಈಗ ಕತ್ತರಿ ಆಡುತ್ತಿದೆ. ಫ್ಯಾಷನ್ ಉದ್ಯಮದಲ್ಲಿ ಮಾದರಿ ಉಡುಪು ಹೊಲಿಯುವ ಸ್ಯಾಂಪಲ್ ರೂಮಿನಲ್ಲಿ ಪ್ಯಾಟರ್ನ್, ಅಂದರೆ ಉಡುಪಿನ ಕಾಗದದ ಅಚ್ಚು, ಕತ್ತರಿಸಿ, ಫಿಟ್ ನೋಡಿ, ಬೈಯರ್‌ಗಳ ಇಮೇಲ್‌ಗೆ ಉತ್ತರ ಬರೆದು ಪಳಗಿದ ಕೈ ನನ್ನದು. ಕಥೆ ಬರೆದು ಅಭ್ಯಾಸವಿರಲಿಲ್ಲ. ಇದೇ ದಾರಿ ಹಿಡಿದವರಿಗೆ ಉಪಯೋಗ ಆಗಲಿ ಅಂತ, ಏನು ಮಾಡಿದೆ, ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎಂಬುದನ್ನು ಕೆಲಸ ಸಾಗಿದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಹಳೆಯ ಕಸುಬಿನಿಂದ ನನಗೆ ಸಿಕ್ಕಿದ್ದು ಕಥೆಗೆ ಬೇಕಾದ ಸರಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸರಕು ಸಿಕ್ಕಿತು, ಸುಳ್ಳಲ್ಲ. ಆದರೆ ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಬಿಚ್ಚುವ ಅಭ್ಯಾಸ. ಹೊಲಿದ ತೋಳನ್ನು ಸಂಜೆ ಬಿಚ್ಚಿ ಬೆಳಿಗ್ಗೆ ಮತ್ತೆ ಕೂರಿಸುವುದು ಸ್ಯಾಂಪಲ್ ರೂಮಿನಲ್ಲಿ ದಿನದ ಕೆಲಸ. ಅದಕ್ಕೆ ಯಾರೂ ಅಳುತ್ತಾ ಕೂರುವುದಿಲ್ಲ.

ಮೊದಲು ಗಡಿಯಾರ

ಫ್ಯಾಷನ್ ಲೋಕದ ಕಾದಂಬರಿ ಎಂದ ಕೂಡಲೇ ಕೇಳಿದವರ ಕಣ್ಣಿಗೆ ರ‍್ಯಾಂಪ್, ಕ್ಯಾಮೆರಾ, ಜಗಳಗಂಟಿ ಡಿಸೈನರ್ ಬಂದು ನಿಲ್ಲುತ್ತಾರೆ. ನನಗೆ ಅದು ಬೇಡವಾಗಿತ್ತು. ರ‍್ಯಾಂಪ್ ಶೋ ಸಾಮಾನ್ಯವಾಗಿ ಕಾಲು ಗಂಟೆಯಲ್ಲಿ ಮುಗಿದುಹೋಗುತ್ತದೆ. ಅದರ ಹಿಂದಿನ ತಿಂಗಳುಗಟ್ಟಲೆ ಕೆಲಸದಲ್ಲಿ ಮನುಷ್ಯರು ಇರುತ್ತಾರೆ. ಹಾಗಾಗಿ ಚೌಕಟ್ಟು ಹೀಗೆ ಇಟ್ಟುಕೊಂಡೆ: ಒಂದು ಸೀಸನ್, ಒಂದು ಉಣ್ಣೆ ಕೋಟು, ಅದನ್ನು ಮುಟ್ಟಿದ ಕೈಗಳು. ಮುಖ್ಯ ಪಾತ್ರ ಒಬ್ಬಳು ಪ್ಯಾಟರ್ನ್ ಮೇಕರ್.

ಈ ಚೌಕಟ್ಟಿನ ಲಾಭ ಏನೆಂದರೆ ಗಡಿಯಾರ ಅದರ ಒಳಗೇ ಇದೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ತೋರಿಸುವುದು ಮುಂದಿನ ವರ್ಷದ ವಸಂತ-ಬೇಸಿಗೆಯ ಬಟ್ಟೆ. ಫೆಬ್ರವರಿ-ಮಾರ್ಚ್‌ನಲ್ಲಿ ತೋರಿಸುವುದು ಮುಂದೆ ಬರುವ ಶರತ್ಕಾಲ-ಚಳಿಗಾಲದ್ದು. ಅಂದರೆ ನಾವು ಯಾವಾಗಲೂ ಇನ್ನೂ ಬಾರದ ಋತುವಿನಲ್ಲಿ ಬದುಕುತ್ತಿರುತ್ತೇವೆ. ಸೆಖೆಯಲ್ಲಿ ಉಣ್ಣೆ ಇಸ್ತ್ರಿ ಮಾಡುವವರ ಕಥೆಗೆ ಬೇರೆ ವಿಡಂಬನೆ ತುಂಬಬೇಕಿಲ್ಲ.

ಇನ್ನು ಸ್ಯಾಂಪಲ್‌ನಿಂದ ಹಡಗಿನವರೆಗಿನ ದಾರಿ. ಬಣ್ಣಕ್ಕೆ ಲ್ಯಾಬ್ ಡಿಪ್ ಎಂಬ ಬಣ್ಣ ಹಾಕಿದ ಚಿಕ್ಕ ತುಂಡು, ಆಮೇಲೆ ಮೈಗೆ ಕೂರುವುದನ್ನು ನೋಡಲು ಫಿಟ್ ಸ್ಯಾಂಪಲ್, ಬೇರೆ ಬೇರೆ ಅಳತೆಗಳ ಸೈಜ್ ಸೆಟ್, ಪ್ರೀ-ಪ್ರೊಡಕ್ಷನ್ ಸ್ಯಾಂಪಲ್, ಕಟಿಂಗ್, ಹೊಲಿಗೆ, ಕೊನೆಯ ತಪಾಸಣೆ. ಪ್ರತಿಯೊಂದಕ್ಕೂ ಒಪ್ಪಿಗೆ ಬರಬೇಕು. ಒಂದು ಒಪ್ಪಿಗೆ ವಾರ ತಡವಾದರೆ ಮುಂದಿನದೆಲ್ಲ ಒಂದರ ಮೇಲೊಂದು ಬೀಳುತ್ತವೆ, ಆದರೆ ಹಡಗಿನ ದಿನ ಮಾತ್ರ ಜರುಗುವುದಿಲ್ಲ. ತಪ್ಪಿದರೆ ಮೂರು ದಾರಿ: ವಿಮಾನದಲ್ಲಿ ಕಳಿಸಿ ಲಾಭ ಕಳೆದುಕೊಳ್ಳಬೇಕು, ರಿಯಾಯಿತಿ ಕೊಡಬೇಕು, ಇಲ್ಲವೇ ಆರ್ಡರ್ ರದ್ದಾಗುವುದನ್ನು ನೋಡಬೇಕು. ಯಾರದೋ ಮೇಜಿನ ಮೇಲೆ ಒಪ್ಪಿಗೆ ಸಿಗದೆ ಬಿದ್ದ ಗುಂಡಿಯೊಂದರಿಂದ ಹೊಲಿಗೆ ಸಾಲಿನ ಕೊನೆಯಲ್ಲಿ ಕೂತವಳ ರಾತ್ರಿ ಹಾಳಾಗುತ್ತದೆ. ಕಥೆಯ ಕಾರ್ಯಕಾರಣ ಅಂದರೆ ಇದೇ ಅಲ್ವಾ?

ನಮ್ಮಲ್ಲಿ ಈ ದಿನಾಂಕಗಳನ್ನೆಲ್ಲ ಒಂದು ಹಾಳೆಯಲ್ಲಿ ಹಾಕಿ ಟಿ ಆಂಡ್ ಎ ಅಂತ ಕರೆಯುತ್ತೇವೆ, ಟೈಮ್ ಆಂಡ್ ಆಕ್ಷನ್ ಕ್ಯಾಲೆಂಡರ್. ಕಾದಂಬರಿಗೂ ಅಂಥದ್ದೊಂದು ಸ್ಪ್ರೆಡ್‌ಶೀಟ್ ಮಾಡಿದೆ. ಅಧ್ಯಾಯ, ಕಥೆಯೊಳಗಿನ ತಾರೀಕು, ಕೋಟು ಯಾವ ಹಂತದಲ್ಲಿದೆ, ಯಾರಿಗೆ ಏನು ಗೊತ್ತಾಗಿದೆ, ಯಾರಿಗೆ ಇನ್ನೂ ಗೊತ್ತಿಲ್ಲ. ಕೊನೆಯ ಎರಡು ಕಾಲಂಗಳೇ ಇಡೀ ಹಾಳೆಯ ಬೆನ್ನೆಲುಬು. ಪಾತ್ರಗಳ ಕಣ್ಣಿನ ಬಣ್ಣ, ಇಷ್ಟದ ಹಾಡು ಅಂತ ತುಂಬಿಸುವ ಫಾರಂಗಳು ಎಲ್ಲೆಡೆ ಸಿಗುತ್ತವೆ. ಅವುಗಳಿಂದ ನನಗೆ ಒಂದು ಪುಟವೂ ಹುಟ್ಟಲಿಲ್ಲ.

ಚಿಕ್ಕ ಅಳತೆಯ ಗೊಂಬೆ

ಮಡಲೀನ್ ವಿಯೊನೆ 1912ರಲ್ಲಿ ಪ್ಯಾರಿಸ್‌ನಲ್ಲಿ ತನ್ನ ಫ್ಯಾಷನ್ ಮನೆ ತೆರೆದವಳು. ಬಯಾಸ್ ಕಟ್, ಅಂದರೆ ಬಟ್ಟೆಯನ್ನು ಎಳೆಗೆ 45 ಡಿಗ್ರಿ ಓರೆಯಾಗಿ ಕತ್ತರಿಸುವ ವಿದ್ಯೆಗೆ ಹೆಸರಾದವಳು. ಅವಳು ಸ್ಕೆಚ್ ಬರೆಯುತ್ತಾ ಕೂರುತ್ತಿರಲಿಲ್ಲ. ಚಿಕ್ಕದೊಂದು ಮರದ ಗೊಂಬೆಯ ಮೇಲೆ ಬಟ್ಟೆ ಇಳಿಬಿಟ್ಟು, ಮಡಿಸಿ, ಪಿನ್ ಹಾಕಿ ಉಡುಪನ್ನು ಕಂಡುಕೊಳ್ಳುತ್ತಿದ್ದಳು. ಪೂರ್ತಿ ಅಳತೆಗೆ ಹೋಗುವುದು ಆಮೇಲೆ.

ನಾನೂ ಹಾಗೇ ಮಾಡಿದೆ. ಇಡೀ ಕಾದಂಬರಿಯನ್ನು ಮೊದಲು ಚಿಕ್ಕದಾಗಿ ಬರೆದೆ, ಅಧ್ಯಾಯಕ್ಕೆ ಒಂದೊಂದು ಪ್ಯಾರಾ. ಇದು ಸಾರಾಂಶ ಅಲ್ಲ. ಪ್ರತಿ ಪ್ಯಾರಾದಲ್ಲೂ ಯಾರೋ ಏನೋ ಮಾಡಬೇಕು, ಅದರಿಂದ ಮುಂದಿನ ಪ್ಯಾರಾದಲ್ಲಿ ಏನೋ ಬದಲಾಗಬೇಕು. ಚಿಕ್ಕದರಲ್ಲಿ ಬಟ್ಟೆ ಎಲ್ಲಿ ಜೋತು ಬೀಳುತ್ತದೆ ಅನ್ನೋದು ಬೇಗ ಕಾಣುತ್ತದೆ. ನಡುಭಾಗದಲ್ಲಿ ಕೋಟು ಸುಮ್ನೆ ಹ್ಯಾಂಗರ್‌ನಲ್ಲಿ ತೂಗುತ್ತಾ ಎಲ್ಲರೂ ಮಾತಾಡುವ ಅಧ್ಯಾಯಗಳಿದ್ದವು. ಒಂದು ಮಧ್ಯಾಹ್ನದಲ್ಲಿ ಅವನ್ನು ತೆಗೆದು ಹಾಕಿದೆ. ಪೂರ್ತಿ ಬರೆದಿದ್ದರೆ ತೆಗೆಯಲು ಮನಸ್ಸು ಬರುತ್ತಿರಲಿಲ್ಲ.

ದೊಡ್ಡದು ಮಾಡುವಾಗ ನೆನಪಿಗೆ ಬಂದದ್ದು ಗ್ರೇಡಿಂಗ್. ಒಂದು ಸೈಜಿನ ಪ್ಯಾಟರ್ನನ್ನು ಮುಂದಿನ ಸೈಜಿಗೆ ಏರಿಸುವುದು ಜೆರಾಕ್ಸ್ ಯಂತ್ರದಲ್ಲಿ ಹಿಗ್ಗಿಸಿದಂತೆ ಅಲ್ಲ. ಎದೆಯ ಸುತ್ತಳತೆ 4 ಸೆಂಟಿಮೀಟರ್ ಬೆಳೆದರೆ ಭುಜದ ಉದ್ದ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ಕಾಲರ್ ಕತ್ತಿನಿಂದ ದೂರ ನಿಲ್ಲುತ್ತದೆ, ಭುಜ ತೋಳಿನ ಮೇಲೆ ಜಾರುತ್ತದೆ. ಹಾಗಾಗಿ ಅಧ್ಯಾಯಕ್ಕೆ ಇಷ್ಟು ಪದ ಅಂತ ಸಮನಾಗಿ ಹಂಚಲಿಲ್ಲ. ಒಟ್ಟು ಗುರಿ 60 ಸಾವಿರ ಪದದ ಆಸುಪಾಸು ಅಂತ ಇಟ್ಟುಕೊಂಡೆ. ಪ್ರತಿ ಪ್ಯಾರಾದ ಪಕ್ಕದಲ್ಲಿ ‘ಎದೆ’ ಅಥವಾ ‘ಭುಜ’ ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡಿದೆ. ಹಡಗು ತಪ್ಪುವ ರಾತ್ರಿ ಎದೆ. ಪ್ಯಾಟರ್ನ್ ಮೇಕರ್ ಕೆಲಸಕ್ಕೆ ಸೇರಿದ ಬಗೆ ಭುಜ, ಎರಡು ಪುಟ ಸಾಕು.

ಕೋರಾ ಬಟ್ಟೆ

ಒಳ್ಳೆ ಉಣ್ಣೆಗೆ ಕತ್ತರಿ ಹಾಕುವ ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಹೊಲಿದು ನೋಡುತ್ತೇವೆ. ಅದರ ಮೇಲೆ ಪೆನ್ನಿನಲ್ಲಿ ಗೀಚಬಹುದು, ಮೈಮೇಲಿದ್ದಾಗಲೇ ಕತ್ತರಿಸಬಹುದು. ಕೋರಾ ಚೆನ್ನಾಗಿ ಕಂಡರೆ ಅನುಮಾನ ಪಡಬೇಕು. ಅದು ಇರುವುದು ತಪ್ಪು ತೋರಿಸುವುದಕ್ಕೆ.

ಮೊದಲ ಕರಡಿಗೆ ನಾನು ಹಾಕಿಕೊಂಡ ನಿಯಮಗಳು ಇಲ್ಲಿಂದಲೇ ಬಂದವು. ಗೊತ್ತಿಲ್ಲದ ಜಾಗದಲ್ಲಿ ನಿಲ್ಲಬಾರದು. ಚೌಕ ಕಂಸ ಹಾಕಿ ‘ಇಲ್ಲಿ ಜಗಳ’ ಅಂತ ಬರೆದು ಮುಂದಕ್ಕೆ ಹೋಗಬೇಕು. ಉಪಮೆ ಹುಡುಕಬಾರದು. ಹಿಂದಿನ ದಿನದ್ದನ್ನು ತಿದ್ದಬಾರದು. ದೃಶ್ಯದ ಆರಂಭ ಮತ್ತು ಕೊನೆಯಲ್ಲಿ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಬರೆಯಬೇಕು. ಇದು ಹೊಲಿಗೆಯ ಅಂಚು. ಸಿದ್ಧ ಉಡುಪಿನಲ್ಲಿ ಸಾಮಾನ್ಯವಾಗಿ 1 ಸೆಂಟಿಮೀಟರ್ ಬಿಡುತ್ತಾರೆ. ಮೈಗೆ ಕೂರಿಸಿ ಹೊಲಿಯುವ ದುಬಾರಿ ಉಡುಪಿನಲ್ಲಿ ಅದರ ಎರಡು ಪಟ್ಟಿಗೂ ಮೇಲೆ ಬಿಡುತ್ತಾರೆ, ಬೇಕಾದಾಗ ಬಿಚ್ಚಿ ಸಡಿಲ ಮಾಡಲಿಕ್ಕೆ. ಅಂಚು ಬಿಡದೆ ಬರೆದ ಎರಡು ದೃಶ್ಯಗಳ ನಡುವೆ ಮೂರನೆಯದೊಂದನ್ನು ಕೂರಿಸಲು ಹೋದರೆ ಎರಡೂ ಹರಿಯುತ್ತವೆ.

ನಡುವೆ ಕೆಲವು ತಿಂಗಳು ಬರವಣಿಗೆ ನಿಂತಿತ್ತು. ಮತ್ತೆ ಶುರು ಮಾಡಿದಾಗ ದನಿ ಬದಲಾಗಿತ್ತು. ಇದಕ್ಕೂ ನಮ್ಮಲ್ಲೊಂದು ಮದ್ದಿದೆ. ಬಣ್ಣ ಹಾಕಿದ ಬಟ್ಟೆ ಒಂದು ಲಾಟಿನಿಂದ ಇನ್ನೊಂದಕ್ಕೆ ತುಸು ಬೇರೆಯಾಗುತ್ತದೆ. ಒಂದೇ ರೋಲಿನ ಆ ತುದಿಗೂ ಈ ತುದಿಗೂ ವ್ಯತ್ಯಾಸ ಇರಬಹುದು. ಅದಕ್ಕೇ ಪದರಪದರವಾಗಿ ಹಾಸಿ ಕತ್ತರಿಸಿದ ಮೇಲೆ ಪ್ರತಿ ಪದರದ ತುಂಡುಗಳಿಗೂ ನಂಬರ್ ಸ್ಟಿಕ್ಕರ್ ಅಂಟಿಸುತ್ತಾರೆ. ಒಂದು ಅಂಗಿಯ ಮುಂಭಾಗ, ಬೆನ್ನು, ತೋಳು ಒಂದೇ ಪದರದಿಂದ ಬರಬೇಕು. ಬೇರೆ ಪದರದ ತೋಳು ಸೇರಿದರೆ ಹೊಲಿಯುವಾಗ ತಿಳಿಯುವುದಿಲ್ಲ, ಬಿಸಿಲಿಗೆ ಹಿಡಿದಾಗ ತಿಳಿಯುತ್ತದೆ. ಹಾಗಾಗಿ ಹೊಸ ಅಧ್ಯಾಯಕ್ಕೆ ಕೂರುವ ಮೊದಲು ಮೊದಲ ಅಧ್ಯಾಯದ ಒಂದು ಪುಟವನ್ನು ಕೈಯಾರೆ ನಕಲು ಮಾಡುವುದನ್ನು ಅಭ್ಯಾಸ ಮಾಡಿಕೊಂಡೆ. ಟೈಪಿಸುವುದಲ್ಲ, ಪೆನ್ನಿನಲ್ಲಿ. ವಾಕ್ಯದ ಉದ್ದ ಕೈಗೆ ಹತ್ತುತ್ತದೆ. ಇದೊಂದು ಉಪಾಯ ಬೇರೆ ಯಾವ ತಂತ್ರಾಂಶಕ್ಕಿಂತ ಹೆಚ್ಚು ನೆರವಾಯಿತು.

ಬಟ್ಟೆ ನೋಡುವ ಕಣ್ಣು

ನಮ್ಮ ಕಸುಬಿನ ಕಣ್ಣು ಮೊದಲು ಬಟ್ಟೆಯನ್ನು ನೋಡುತ್ತದೆ, ಆಮೇಲೆ ಮುಖವನ್ನು. ಕರಡಿನಲ್ಲಿ ಇದು ಎದ್ದು ಕಾಣುತ್ತಿತ್ತು. ಒಂದು ಸಂಜೆ ಕೂಟದ ದೃಶ್ಯ ಹೀಗಿತ್ತು:

‘ಅವಳು ಕಡು ನೀಲಿ ಕ್ರೇಪ್ ಡ್ರೆಸ್ ತೊಟ್ಟಿದ್ದಳು. ಬಯಾಸ್ ಕಟ್‌ನ ಲಂಗ ಸೊಂಟದಿಂದ ಮೆಲ್ಲಗೆ ಇಳಿದಿತ್ತು. ಕತ್ತಿನಲ್ಲಿ ಸಡಿಲ ಮಡಿಕೆ, ಬೆನ್ನಿನಲ್ಲಿ ಕಾಣದಂತೆ ಕೂರಿಸಿದ ಜಿಪ್, ಅಂಚಿಗೆ ಕೈಹೊಲಿಗೆ.’

ಕ್ಯಾಟಲಾಗ್‌ಗೆ ಒಪ್ಪುವ ಬರಹ. ಇದರಲ್ಲಿ ಅವಳೆಲ್ಲಿ? ಎರಡನೇ ಕರಡಿನಲ್ಲಿ ಇಷ್ಟಾಯಿತು:

‘ಡ್ರೆಸ್‌ನ ಎಡ ಕಂಕುಳ ಹತ್ತಿರ ಒಂದು ಗುಂಡುಸೂಜಿ ಉಳಿದುಬಿಟ್ಟಿತ್ತು. ಅವಳಿಗೆ ಗೊತ್ತಿತ್ತು. ಸಂಜೆಯಿಡೀ ಎಡಗೈ ಎತ್ತದೆ ಎಲ್ಲರ ಜೊತೆ ಮಾತಾಡಿದಳು.’

ಬಣ್ಣ ಹೋಯಿತು, ಕಟ್ ಹೋಯಿತು, ಜಿಪ್ ಹೋಯಿತು. ಓದುಗರಿಗೆ ಈಗ ಒಂದು ಡ್ರೆಸ್ ಕಾಣುತ್ತದೆ. ಅಲ್ಲಿಂದ ಒಂದು ನಿಯಮ ಗಟ್ಟಿ ಮಾಡಿಕೊಂಡೆ: ಬಟ್ಟೆ ತೊಟ್ಟವರಿಗೆ ಏನೋ ಮಾಡುತ್ತಿರಬೇಕು. ಚುಚ್ಚಬೇಕು, ಬಿಗಿಯಬೇಕು, ಸದ್ದು ಮಾಡಬೇಕು, ಬೇರೆಯವರದ್ದು ಅಂತ ನೆನಪಿಸಬೇಕು. ಇಲ್ಲದಿದ್ದರೆ ಆ ಸಾಲು ಕತ್ತರಿಗೆ.

ಕಸುಬಿನ ಪದಗಳ ವಿಷಯದಲ್ಲೂ ಇಂಥದ್ದೇ ಒಂದು ಗೆರೆ ಎಳೆದೆ. ಡಾರ್ಟ್, ನಾಚ್, ಗ್ರೇನ್ ಇವೆಲ್ಲ ಬರಬಹುದು, ಆದರೆ ಯಾರದ್ದಾದರೂ ಕೈ ಆ ಕೆಲಸ ಮಾಡುತ್ತಿರುವಾಗ ಮಾತ್ರ. ವಿವರಣೆ ಬೇಡ. ಜಾರುವ ಶಿಫಾನ್ ಕೆಳಗೆ ತೆಳು ಕಾಗದ ಇಟ್ಟು ಹೊಲಿದು, ಆಮೇಲೆ ಕಾಗದವನ್ನು ಹೊಲಿಗೆಯುದ್ದಕ್ಕೂ ಹರಿದು ತೆಗೆಯುವುದನ್ನು ತೋರಿಸಿದರೆ ಸಾಕು. ಒರಟು ಬೆರಳಿಗೆ ರೇಷ್ಮೆಯ ಎಳೆ ಸಿಕ್ಕಿಕೊಳ್ಳುವುದು, ಬಟ್ಟೆ ಕತ್ತರಿಯಲ್ಲಿ ಯಾರೋ ಕಾಗದ ಕತ್ತರಿಸಿದ್ದಕ್ಕೆ ಎದ್ದ ರಂಪಾಟ, ತುಟಿಯ ನಡುವೆ ಪಿನ್ ಕಚ್ಚಿಕೊಂಡೇ ಬೈಯುವುದು. ಹೊರಗಿನಿಂದ ಬಂದವರು ಎಷ್ಟು ಸಂಶೋಧನೆ ಮಾಡಿದರೂ ಇವು ಅವರ ಕೈಗೆ ಸುಲಭಕ್ಕೆ ಸಿಗುವುದಿಲ್ಲ.

ಒಂದು ಅಧ್ಯಾಯ ಮಾತ್ರ ಬಹಳ ಕಾಡಿತು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಯ ಬೆಂಕಿಯಲ್ಲಿ 146 ಜನ ಸತ್ತರು. ಹೊರಹೋಗುವ ಬಾಗಿಲೊಂದಕ್ಕೆ ಬೀಗ ಹಾಕಿತ್ತು. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ಸಾವರ್‌ನಲ್ಲಿ ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಕಟ್ಟಡದಲ್ಲಿ ಬಿರುಕು ಕಂಡಿತ್ತು. ಕೆಳಗಿದ್ದ ಅಂಗಡಿಗಳು, ಬ್ಯಾಂಕು ಮುಚ್ಚಿದವು. ಹೊಲಿಯುವವರನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆದರು. ಉಡುಪು ಉದ್ಯಮದ ಬಗ್ಗೆ ಬರೆಯುವವರು ಇದನ್ನು ಪಕ್ಕಕ್ಕೆ ತಳ್ಳಿ ಹೋಗುವಂತಿಲ್ಲ. ಹಾಗಂತ ಇದನ್ನು ಕಥೆಯ ಕ್ಲೈಮ್ಯಾಕ್ಸ್‌ಗೆ ಎಳೆದು ತರುವುದು ನನಗೆ ಹೇಸಿಗೆ ಅನಿಸಿತು. ಕೊನೆಗೆ ಕುಸಿತವನ್ನು ಬಿಟ್ಟೆ. ಕಾಲ್ಪನಿಕ ಕಟ್ಟಡ, ಗೋಡೆಯಲ್ಲಿ ಬಿರುಕು, ಹಡಗಿನ ದಿನ ಹತ್ತಿರ. ಹಿಂದಿನ ಸಂಜೆ ಒಬ್ಬ ಸೂಪರ್‌ವೈಸರ್ ಫೋನ್ ಹಿಡಿದು ಕೂತಿದ್ದಾನೆ. ಅಧ್ಯಾಯ ಅಷ್ಟೇ.

ಇಲ್ಲೇ ಇನ್ನೊಂದು ವಿಷಯ ಹೇಳಬೇಕು. ಕೆಲಸ ಬಿಡುವಾಗ ಸಹಿ ಹಾಕಿದ ಗೋಪ್ಯತೆಯ ಒಪ್ಪಂದವನ್ನು ಬರೆಯುವ ಮೊದಲೇ ತೆಗೆದು ಓದಿ. ನನ್ನ ಕಾದಂಬರಿಯ ಯಾವ ಪಾತ್ರವೂ ಒಬ್ಬರೇ ವ್ಯಕ್ತಿಯಲ್ಲ. ಒಬ್ಬರ ಮಾತಿನ ಧಾಟಿ, ಇನ್ನೊಬ್ಬರ ಸಿಟ್ಟು, ಮತ್ತೊಬ್ಬರ ಕೈಚಳಕ ಸೇರಿಸಿದ್ದೇನೆ. ಬರೀ ಹೆಸರು ಬದಲಿಸುವುದು ಸಾಲುವುದಿಲ್ಲ. ಹುದ್ದೆ, ವಯಸ್ಸು, ತಯಾರಾಗುವ ವಸ್ತು, ಕಾಲ ಎಲ್ಲವನ್ನೂ ಕದಲಿಸಬೇಕು. ಒಳ್ಳೆಯ ಸುದ್ದಿ ಏನೆಂದರೆ ಹೀಗೆ ಬೆರೆಸಿದ ಮೇಲೆಯೇ ಪಾತ್ರಗಳು ನನ್ನ ಮಾತು ಮೀರಿ ನಡೆಯಲು ಶುರು ಮಾಡಿದ್ದು.

ತೂಗು ಹಾಕುವುದು

ಓರೆ ಕತ್ತರಿಸಿದ ಉಡುಪಿಗೆ ತಕ್ಷಣ ಅಂಚು ಹೊಲಿಯುವುದಿಲ್ಲ. ಕನಿಷ್ಠ ಒಂದು ರಾತ್ರಿ, ಬಟ್ಟೆ ನೋಡಿಕೊಂಡು ಇನ್ನೂ ಹೆಚ್ಚು ಹೊತ್ತು ತೂಗು ಹಾಕುತ್ತಾರೆ. ತನ್ನ ಭಾರಕ್ಕೆ ಅದು ಇಳಿಯುತ್ತದೆ, ಅದೂ ಎಲ್ಲ ಕಡೆ ಸಮನಾಗಿ ಅಲ್ಲ. ಇಳಿಯುವುದೆಲ್ಲ ಇಳಿದ ಮೇಲೆ ನೆಲದಿಂದ ಅಳೆದು ಕತ್ತರಿಸಬೇಕು. ಕರಡನ್ನೂ ಪ್ರಿಂಟ್ ತೆಗೆದು ಕಪಾಟಿನಲ್ಲಿಟ್ಟೆ. ಹೊರಗೆ ತೆಗೆದಾಗ ಎಲ್ಲಿ ಜಗ್ಗಿದೆ ಅನ್ನೋದು ನೋಡಿದ ಕೂಡಲೇ ಕಂಡಿತು. ಅಪ್ಪ-ಮಗಳ ಮಾತುಕತೆಗಳೆಲ್ಲ ಇಳಿದು ನೆಲ ಮುಟ್ಟುತ್ತಿದ್ದವು.

ಫಿಟ್ಟಿಂಗ್

ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಈ ಹಂತ. ಹಳೆಯ ಕಸುಬು ಇಲ್ಲದಿದ್ದರೆ ಇಲ್ಲಿ ಖಂಡಿತ ದಾರಿ ತಪ್ಪುತ್ತಿದ್ದೆ.

ಫಿಟ್ ನೋಡುವಾಗ ಮಾಡೆಲ್ ಕೋಟು ತೊಟ್ಟು ನಿಲ್ಲುತ್ತಾಳೆ. ಬಟ್ಟೆಯಲ್ಲಿ ಎಳೆತದ ಗೆರೆಗಳು ಮೂಡುತ್ತವೆ. ಹೊಸಬರು ಗೆರೆ ಕಂಡ ಜಾಗಕ್ಕೇ ಪಿನ್ ಹಾಕುತ್ತಾರೆ. ಕಂಕುಳ ಹತ್ತಿರ ಸುಕ್ಕು ಇದೆ, ಅಲ್ಲಿ ಬಟ್ಟೆ ಕಮ್ಮಿ ಮಾಡೋಣ ಅಂತ. ಎಷ್ಟೋ ಸಲ ಆ ಸುಕ್ಕಿಗೆ ಕಾರಣ ಭುಜದ ಇಳಿಜಾರು. ಮಾಡೆಲ್‌ನ ಭುಜ ಪ್ಯಾಟರ್ನ್‌ಗಿಂತ ಹೆಚ್ಚು ಇಳಿದಿದ್ದರೆ ಉಳಿದ ಬಟ್ಟೆ ಕಂಕುಳಿಗೆ ಬಂದು ಕೂರುತ್ತದೆ. ಭುಜ ಸರಿ ಮಾಡಿದರೆ ಕಂಕುಳು ತಾನಾಗಿ ಚೊಕ್ಕವಾಗುತ್ತದೆ. ಇನ್ನೊಂದು ವಿಷಯ: ಮಾಡೆಲ್ ‘ಬಿಗಿ ಆಗುತ್ತಿದೆ’ ಎಂದರೆ ಅದು ನಿಜ, ವಾದ ಮಾಡುವಂತಿಲ್ಲ. ‘ಇಲ್ಲಿ ಎರಡು ಸೆಂಟಿಮೀಟರ್ ಬಿಡಿ’ ಎಂದರೆ ಅದು ಬರೀ ಸಲಹೆ.

ಓದಲು ಕೊಟ್ಟವರನ್ನು ಆರಿಸಿದ್ದೂ ಇದೇ ಲೆಕ್ಕದಲ್ಲಿ. ಒಬ್ಬರು ಉಡುಪು ಉದ್ಯಮದವರು, ಒಬ್ಬರು ಬಟ್ಟೆಯ ಗೊಡವೆಯೇ ಇಲ್ಲದವರು, ಮತ್ತೊಬ್ಬರು ವಾರಕ್ಕೊಂದು ಕಾದಂಬರಿ ಮುಗಿಸುವವರು. ಪ್ರೀತಿಗೆ ಹೊಗಳುವ ಆಪ್ತರಿಗೆ ಕೊಡಲಿಲ್ಲ. ಆರಿಸಿದ ಮೂವರಿಗೆ ಪ್ರಶ್ನೆಪತ್ರಿಕೆಯನ್ನೂ ಕೊಡಲಿಲ್ಲ. ಪುಟದ ಅಂಚಿನಲ್ಲಿ ಮೂರು ಗುರುತು ಮಾತ್ರ ಕೇಳಿದೆ: ಎಲ್ಲಿ ಕೆಳಗಿಟ್ಟಿರಿ, ಎಲ್ಲಿ ನಂಬಲಿಲ್ಲ, ಎಲ್ಲಿ ಹಿಂದಿನ ಪುಟಕ್ಕೆ ಹೋದಿರಿ.

ಮೂವರೂ ಒಂದೇ ಅಧ್ಯಾಯದಲ್ಲಿ ಪುಸ್ತಕ ಕೆಳಗಿಟ್ಟಿದ್ದರು. ಪ್ಯಾಟರ್ನ್ ಮೇಕರ್ ರಾಜೀನಾಮೆ ಕೊಡುವ ಅಧ್ಯಾಯ. ನನ್ನ ಪ್ರಕಾರ ಕಾದಂಬರಿಯ ಅತ್ಯಂತ ಬಿಸಿ ಜಾಗ. ಒಬ್ಬರು ‘ಜಗಳ ಇನ್ನೂ ಜೋರಾಗಿರಲಿ’ ಅಂದರು, ಇನ್ನೊಬ್ಬರು ‘ಉದ್ದ ಆಯಿತು’ ಅಂದರು. ಎರಡೂ ಕಂಕುಳಿಗೆ ಹಾಕುವ ಪಿನ್‌ಗಳು. ಟಿ ಆಂಡ್ ಎ ಹಾಳೆ ಹಿಡಿದು ಹಿಂದಕ್ಕೆ ಹೋದೆ. ಅವಳಿಗೆ ಆ ಕೆಲಸ ಯಾಕೆ ಬೇಕು ಅನ್ನೋದು ಎಲ್ಲಿ ಬಂದಿದೆ? ಎಲ್ಲೂ ಬಂದಿರಲಿಲ್ಲ. ನನಗೆ ಗೊತ್ತಿದ್ದುದರಿಂದ ಬರೆಯುವ ಅಗತ್ಯವೇ ಕಂಡಿರಲಿಲ್ಲ. ಎರಡನೇ ಅಧ್ಯಾಯದಲ್ಲಿ ಒಂದು ಪುಟ ಸೇರಿಸಿದೆ. ಅವಳು ಕತ್ತರಿಸಿದ ಕಾಲರ್ ಮೊದಲ ಸಲ ಕತ್ತಿಗೆ ಸರಿಯಾಗಿ ಕೂರುತ್ತದೆ, ಅವಳು ಯಾರಿಗೂ ಹೇಳದೆ ಆ ಪ್ಯಾಟರ್ನ್ ಕಾಗದದ ಒಂದು ಮೂಲೆ ಹರಿದು ಪರ್ಸಿನಲ್ಲಿಡುತ್ತಾಳೆ. ರಾಜೀನಾಮೆಯ ಅಧ್ಯಾಯದಲ್ಲಿ ಒಂದಕ್ಷರ ಬದಲಿಸದೆ ಮತ್ತೆ ಓದಲು ಕೊಟ್ಟೆ. ಈ ಸಲ ಯಾರೂ ಅಲ್ಲಿ ಕೆಳಗಿಡಲಿಲ್ಲ.

ಉದ್ಯಮದಲ್ಲಿದ್ದವರ ಗುರುತುಗಳು ಮಾತ್ರ ಬೇರೆ ಬಗೆಯವು. ‘ಈ ಜಿಎಸ್ಎಂ ಬಟ್ಟೆಗೆ ಆ ಸೂಜಿ ಹಾಕಲ್ಲ’ ಅನ್ನುವಂಥವು. ಅವುಗಳನ್ನು ವಾದ ಮಾಡದೆ ಸರಿಪಡಿಸಿದೆ. ಜಿಎಸ್ಎಂ ಅಂದರೆ ಚದರ ಮೀಟರ್‌ಗೆ ಎಷ್ಟು ಗ್ರಾಂ ಎಂಬ ಲೆಕ್ಕ. ಸಾವಿರದಲ್ಲಿ ಒಬ್ಬ ಓದುಗ ಗಮನಿಸಬಹುದು. ಆ ಒಬ್ಬರಿಗಾಗಿಯೂ ಸರಿ ಇರಲಿ.

ಬೆಳಕು ಬದಲಿಸಿ ನೋಡುವುದು

ಎರಡು ಬಟ್ಟೆ ಅಂಗಡಿಯ ದೀಪದ ಕೆಳಗೆ ಒಂದೇ ಬಣ್ಣ ಕಂಡು, ಹೊರಗೆ ಬಂದರೆ ಬೇರೆ ಕಾಣುವುದನ್ನು ನೀವೂ ನೋಡಿರುತ್ತೀರಿ. ಅದಕ್ಕೇ ಲೈಟ್ ಬಾಕ್ಸ್ ಒಳಗಿಟ್ಟು ಹಗಲಿನ ಬೆಳಕಿಗೆ ಸಮನಾದ ಡಿ65, ಅಂಗಡಿ ಟ್ಯೂಬ್‌ಲೈಟಿನ ಟಿಎಲ್84, ಹಳೆಯ ಬಲ್ಬಿನ ಹಳದಿ ಬೆಳಕು ಹೀಗೆ ಒಂದೊಂದರಲ್ಲೂ ನೋಡುತ್ತೇವೆ. ಮೂರನೇ ಕರಡಿಗೆ ನನ್ನ ದೀಪಗಳು ಇವು: ಬೇರೆ ಫಾಂಟ್, ಕಾಗದದ ಪ್ರಿಂಟ್, ಫೋನ್ ಓದಿ ಹೇಳುವ ದನಿ. ಯಂತ್ರದ ದನಿಗೆ ಭಾವನೆ ಇಲ್ಲ, ಅದೇ ಅನುಕೂಲ. ಸಂಭಾಷಣೆಯಲ್ಲಿ ಎಲ್ಲ ಪಾತ್ರಗಳೂ ಒಂದೇ ಥರ ಮಾತಾಡುತ್ತಿದ್ದರೆ ಅಲ್ಲಿ ಸಿಕ್ಕಿಬೀಳುತ್ತವೆ. ನನ್ನ ಬೈಯರ್ ಮತ್ತು ನನ್ನ ಟೈಲರ್ ಇಬ್ಬರೂ ‘ನೋಡೋಣ, ಆಗುತ್ತೆ’ ಅನ್ನುತ್ತಿದ್ದರು. ಈಗ ಟೈಲರ್ ಮಾತ್ರ ಅನ್ನುತ್ತಾನೆ, ಅದೂ ಆಗದಿದ್ದಾಗ.

ಮುಂದಿನ ಕೆಲಸ: ಹೊಲಿಗೆಯ ಅಂಚುಗಳನ್ನು ಕತ್ತರಿಸುವುದು ಬಾಕಿ ಇದೆ, ಅಂದರೆ ದೃಶ್ಯಗಳ ತಲೆ ಮತ್ತು ಬಾಲ. ಆಮೇಲೆ ಒಂದು ಪುಟದ ಸಾರಾಂಶ, ಪ್ರಕಾಶಕರಿಗೆ ಕಳಿಸಲು ಮೊದಲ ಮೂರು ಅಧ್ಯಾಯ. ಎಲ್ಲವನ್ನೂ ಯೂನಿಕೋಡ್‌ನಲ್ಲೇ ಟೈಪ್ ಮಾಡಿದ್ದೇನೆ. ಪುಟವಿನ್ಯಾಸಕ್ಕೆ ಹಳೆಯ ಆಸ್ಕಿ ಫಾಂಟ್ ಬಳಸುವವರಿದ್ದರೆ ಪರಿವರ್ತನೆ ಮಾಡಬೇಕಾಗುತ್ತದೆ. ಆಗ ಅರ್ಕಾವತ್ತು, ಒತ್ತಕ್ಷರಗಳು ಜಾಗ ತಪ್ಪುವುದುಂಟು. ಅದಕ್ಕಾಗಿ ‘ಫಾರ್ಮ್’, ‘ಪ್ಯಾಟರ್ನ್’, ‘ಸೂಪರ್‌ವೈಸರ್’, ‘ಶರ್ಟ್’ ಥರದ ಪದಗಳ ಪಟ್ಟಿಯೊಂದನ್ನು ಈಗಲೇ ಮಾಡಿಟ್ಟಿದ್ದೇನೆ. ಕರಡಚ್ಚು ಬಂದ ದಿನ ಮೊದಲು ಹುಡುಕುವುದು ಅವನ್ನೇ.